ಶಾಸ್ತ್ರದ ಕೆಳಗಿದ್ದ ಉಪದೇಶಿಗಳು

ಉಪದೇಶಿಗಳು ಹೋಗಿಬಿಟ್ಟರು ಅನ್ನುವ ಸುದ್ದಿಯನ್ನು ನನಗೆ ಹೇಳಿದವನು ಗುಂಡ್ಲುಪೇಟೆ ಬಸ್ಸಿನ ಕಂಡಕ್ಟರು. ಚಾಮರಾಜನಗರದಲ್ಲಿ ಬಸ್ಸಿನ ಪಕ್ಕ ಬೀಡಿ ಸೇದುತ್ತಾ ನಿಂತಿದ್ದವನು ನನ್ನನ್ನು ಕಂಡು ಬೀಡಿಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡು, "ಮೇಷ್ಟ್ರೇ, ನಿಮ್ ಜೊತೇಲಿದ್ರಲ್ಲ ಉಪದೇಶಿ ಮೇಷ್ಟ್ರು, ಅವ್ರು ತೀರ್ಕಬುಟ್ರು ಕಣ್ರೀ, ಬೆಳಗ್ಗೆ" ಅಂದ. ನಾನು ಸಂತೆಗೆ ಹೊರಟಿದ್ದವನು. ಕೈಚೀಲದ ಸಮೇತ ಅದೇ ಬಸ್ಸು ಹತ್ತಿದೆ.

ಮಣ್ಣಿಗೆ ಬಹಳ ಜನ ಬಂದಿದ್ದರು. ನನಗೆ ಪರಿಚಯವಿಲ್ಲದ ಹೊಸ ಪಾದ್ರಿಯೊಬ್ಬರು ನಿಂತು ಒಳ್ಳೆಯ ಮಾತುಗಳನ್ನಾಡಿದರು. "ಇವರು ಜೀವಮಾನದಲ್ಲಿ ಒಂದೇ ಒಂದು ನಿಯಮವನ್ನೂ ಮೀರಿದವರಲ್ಲ" ಅಂದರು. ಜನ ತಲೆದೂಗಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ನಾನು ಕುದೇರಿನವನು, ಲಿಂಗ ಕಟ್ಟಿಕೊಂಡ ಮನೆಯವನು. ಕ್ರೈಸ್ತರ ಸಮಾಧಿಯ ಹತ್ತಿರ ನಿಂತು ತಕರಾರು ತೆಗೆಯುವುದಕ್ಕೆ ನಾನ್ಯಾರು? ಬಾಯಿ ಮುಚ್ಚಿಕೊಂಡು ಒಂದು ಹಿಡಿ ಮಣ್ಣು ಹಾಕಿ ಬಂದೆ. ಆ ತಕರಾರನ್ನು ಈಗ ಇಲ್ಲಿ ತೆಗೆಯುತ್ತಿದ್ದೇನೆ.

ನನಗೆ ಮೊದಲು ಕೆಲಸ ಸಿಕ್ಕಿದ್ದು ಗುಂಡ್ಲುಪೇಟೆಯ ಒಂದು ಸಣ್ಣ ಮಿಷನ್ ಶಾಲೆಯಲ್ಲಿ. ಉಪದೇಶಿಗಳು ಅಲ್ಲಿ ಎರಡನೆಯ ಮೇಷ್ಟ್ರು. ವಾರವೆಲ್ಲ ಮಗ್ಗಿ ಹೇಳಿಸುವುದು, ಭಾನುವಾರ ಶಾಲೆಯ ಹಿಂದಿದ್ದ ಹೆಂಚಿನ ಪ್ರಾರ್ಥನೆ ಮನೆಯಲ್ಲಿ ಬೋಧನೆ ಮಾಡುವುದು. ಅದಕ್ಕೇ ಊರಿನ ಬಾಯಲ್ಲಿ ಅವರು ಉಪದೇಶಿ ಮೇಷ್ಟ್ರು. ಕತ್ತಿನವರೆಗೆ ಗುಂಡಿಯಿರುವ ಖಾಕಿ ಕೋಟು, ಕಚ್ಚೆಪಂಚೆ, ಮಳೆಗಾಲವೋ ಬೇಸಿಗೆಯೋ ಕಂಕುಳಲ್ಲಿ ಕೊಡೆ. ಹಾಡುವುದಕ್ಕೆ ಬರುತ್ತಿರಲಿಲ್ಲ, ಆದರೆ ಬಿಡುತ್ತಲೂ ಇರಲಿಲ್ಲ. ಅವರು ಕೀರ್ತನೆ ಎತ್ತಿಕೊಂಡರೆ ಬೀದಿಯಾಚೆಯ ಗಾಣದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು. ಭಾನುವಾರ "ಪ್ರಿಯ ಸಹೋದರರೇ" ಎಂದು ಗ್ರಂಥದ ಭಾಷೆಯಲ್ಲಿ ಮಾತಾಡಿದ ಬಾಯಿ ಸೋಮವಾರ ಬೆಳಗ್ಗೆ "ಯಾಕ್ಲಾ, ನಿಮ್ಮಪ್ಪ ನಿನ್ನ ಇಲ್ಲಿಗೆ ನಿದ್ದೆ ಮಾಡಕ್ಕೆ ಕಳಿಸವ್ನಾ" ಎಂದು ಗದರುತ್ತಿತ್ತು. ಮಕ್ಕಳಿಗೆ ಸೋಮವಾರದ ಉಪದೇಶಿಯೇ ಇಷ್ಟ. ನನಗೂ ಅಷ್ಟೆ.

ಅವರ ಹುಟ್ಟೂರು ಭೀಮನಬೀಡು. ಅವರಪ್ಪ ಅಲ್ಲಿಯ ಗೌಡರ ಹೊಲದಲ್ಲಿ ಆಳಾಗಿದ್ದವರು, ನಡುವಯಸ್ಸಿನಲ್ಲಿ ಈ ಮತಕ್ಕೆ ಸೇರಿದವರು. ಒಂದು ಸಲ ಮುದುಕರು ಮಗನನ್ನು ನೋಡಲು ಬಂದಿದ್ದರು. ನಾನು ಅವರ ಮನೆಯ ಜಗಲಿಯ ಮೇಲೆ ಕೂತಿದ್ದೆ. ನನ್ನ ಹಣೆಯ ವಿಭೂತಿ ನೋಡಿದ್ದೇ ತಡ, ಅವರು ಅಂಗಳದಲ್ಲೇ ನಿಂತು, ಟವಲ್ಲು ಕಂಕುಳಿಗೆ ಸೇರಿಸಿ, "ಬುದ್ಧೀ" ಅಂದರು.

"ಅಪ್ಪಯ್ಯ, ಅವ್ರೂ ನನ್ನಂಗೆ ಮೇಷ್ಟ್ರು. ಮ್ಯಾಕೆ ಬಂದು ಕೂತ್ಕೊ" ಅಂದರು ಉಪದೇಶಿಗಳು.

"ಆಯ್ತು ಕಣ್ಲಾ ಮಗ, ಕೂತ್ಕತೀನಿ" ಅಂದ ಮುದುಕರು ನಾನು ಎದ್ದು ಹೋಗುವವರೆಗೂ ನಿಂತೇ ಇದ್ದರು.

ಮಾರನೆಯ ದಿನ ಉಪದೇಶಿಗಳು ಅದನ್ನೇ ಎತ್ತಿದರು. "ನೋಡಿದ್ರಾ ಮೇಷ್ಟ್ರೇ, ಶಾಸ್ತ್ರದ ಕೆಳಗಿರೋದು ಅಂದ್ರೆ ಅದೇ. ಯಾರೂ ಈಗ ಅಪ್ಪಯ್ಯನ್ನ ಹೊಡೆಯಲ್ಲ, ಬೈಯಲ್ಲ. ಮೇಲೆ ಬಾ ಅಂತ ಕರೀತೀವಿ. ಆದ್ರೂ ಕಾಲು ಮೇಲಕ್ಕೆ ಬರಲ್ಲ."

ಇದು ಅವರ ಮುದ್ದಿನ ವಿಷಯ. ಅವರ ಸತ್ಯವೇದದಲ್ಲಿ ಪೌಲ ಅನ್ನುವ ಅಪೊಸ್ತಲ, ಅಂದರೆ ಯೇಸುವಿನ ದೂತ, ಇದನ್ನೇ ಮತ್ತೆ ಮತ್ತೆ ಬರೆದಿದ್ದಾನಂತೆ: ನಾವಿನ್ನು ಧರ್ಮಶಾಸ್ತ್ರದ ಕೆಳಗಿಲ್ಲ, ಕೃಪೆಯ ಕೆಳಗಿದ್ದೇವೆ ಅಂತ. ಅವರ ಹಳೆಯ ಪ್ರವಾದಿ ಮೋಶೆಯ ಕಾಲದಿಂದ ಬಂದ ವಿಧಿಗಳನ್ನು ಅವರು ನನಗೆ ವಿವರಿಸಿದ್ದರು. ಇದನ್ನು ತಿನ್ನಬೇಡ, ಅದನ್ನು ಮುಟ್ಟಬೇಡ, ಇಂಥ ದಿನ ಕೆಲಸ ಮಾಡಬೇಡ, ಮುಟ್ಟಿದರೆ ಸ್ನಾನ ಮಾಡು.

"ಇದರಲ್ಲೇನು ಹೊಸದು, ನಮ್ಮವ್ವನೂ ಇದನ್ನೇ ಹೇಳೋದು" ಅಂತ ನಾನು ಕೆಣಕಿದೆ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಶಾಸ್ತ್ರ ಕೆಟ್ಟದ್ದು ಅಂತಲ್ಲ ಮೇಷ್ಟ್ರೇ. ಸಾಹುಕಾರರ ಮಗನನ್ನ ಆಳು ಕೈ ಹಿಡ್ಕೊಂಡು ಸ್ಕೂಲಿಗೆ ಕರ್ಕೊಂಡು ಬರ್ತಾನಲ್ಲ, ದಾರೀಲಿ ಚೇಷ್ಟೆ ಮಾಡಿದ್ರೆ ಒಂದು ಬಿಡ್ತಾನೆ ಕೂಡ. ಶಾಸ್ತ್ರ ಆ ಆಳು. ಬಾಗಿಲ ತನಕ ತಂದು ಬಿಟ್ಟ ಮೇಲೆ ಅವನ ಕೆಲಸ ಮುಗೀತು. ಆಮೇಲೂ ಅವನು ಒಳಗೆ ಬಂದು ಮಗೀನ ಪಕ್ಕ ದೊಣ್ಣೆ ಹಿಡ್ಕೊಂಡು ಕೂತ್ರೆ ಮಗು ಕಲಿಯೋದೇನು? ತಪ್ಪು ಮಾಡದೆ ಇದ್ರೆ ದೇವರು ಹತ್ರ ಸೇರಿಸ್ಕೋತಾನೆ ಅಂತ ಹೆದ್ರಿಕೊಂಡು ಬದುಕೋದೇ ಶಾಸ್ತ್ರದ ಕೆಳಗಿರೋದು. ಕೃಪೆ ಅಂದ್ರೆ ಮೊದಲೇ ಸೇರಿಸ್ಕೊಂಡು ಆಗಿದೆ ಅಂತ."

ನಾನು ಅದುವರೆಗೆ ಕೇಳಿದ ಬೋಧನೆಗಳಲ್ಲಿ ಇಷ್ಟು ಚೆನ್ನಾಗಿದ್ದದ್ದು ಇನ್ನೊಂದಿರಲಿಲ್ಲ. ತಮಾಷೆಯೆಂದರೆ, ಇದನ್ನು ಹೇಳುವ ಮನುಷ್ಯನಷ್ಟು ಕಾನೂನಿಗೆ ಹೆದರುವವರು ನಮ್ಮ ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ.

ಆಗ ದೀಪವಿಲ್ಲದ ಸೈಕಲ್ಲಿಗೆ ದಂಡವಿತ್ತು; ಸಂಜೆ ದೀಪ ಕೆಟ್ಟರೆ ಅವರು ಇಳಿದು ಊರು ಮುಟ್ಟುವವರೆಗೂ ತಳ್ಳಿಕೊಂಡೇ ಬರುತ್ತಿದ್ದರು. ತೆರಕಣಾಂಬಿ ರಸ್ತೆಯಲ್ಲಿ ದೀಪವಿಲ್ಲದ ಸೈಕಲ್ಲಿನ ಮೇಲೆ ಪೊಲೀಸಿನವನೇ ಇವರನ್ನು ದಾಟಿಕೊಂಡು, "ಯಾಕ್ ಮೇಷ್ಟ್ರೇ, ಪಂಚರ್ರಾ?" ಅಂತ ಕೇಳಿ ಹೋದನಂತೆ. ಇನ್ನೊಂದು ಸಲ ಮಕ್ಕಳನ್ನು ಬಂಡೀಪುರಕ್ಕೆ ಕರೆದುಕೊಂಡು ಹೋಗಿದ್ದೆವು. ಹುಡುಗರು ಮರದ ಕೆಳಗೆ ಬಿದ್ದಿದ್ದ ನೆಲ್ಲಿಕಾಯಿ ಆರಿಸಿ ಜೇಬು ತುಂಬಿಕೊಂಡಿದ್ದರು. ಹೊರಡುವಾಗ ಉಪದೇಶಿಗಳು ಎಲ್ಲರ ಜೇಬನ್ನೂ ಖಾಲಿ ಮಾಡಿಸಿದರು, ಸರ್ಕಾರದ ಕಾಡಿನದು ಅಂತ. ಅಲ್ಲಿದ್ದ ಫಾರೆಸ್ಟ್ ಗಾರ್ಡೇ, "ಐ, ತಗೊಂಡೋಗ್ಲಿ ಬುಡಿ ಮೇಷ್ಟ್ರೇ, ಜಿಂಕೆ ತಿನ್ನೋದನ್ನ ಮಕ್ಳು ತಿಂತವೆ" ಅಂದರೂ ಕೇಳಲಿಲ್ಲ. ಹಿಂದಿರುಗುವಾಗ ದಾರಿಯುದ್ದಕ್ಕೂ ಒಬ್ಬ ಹುಡುಗನೂ ಅವರ ಜೊತೆ ಮಾತಾಡಲಿಲ್ಲ.

ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಗಂಡನಿಗೆ ಎಷ್ಟು ಹೆದರಿಕೆಯೋ ಹೆಂಡತಿಗೆ ಅಷ್ಟು ಸಲೀಸು. ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದ ನನಗೆ ಮೊದಲ ದಿನವೇ ಕಾಫಿ ತಂದಿಟ್ಟು, ನಾನು ಲೋಟವನ್ನೇ ನೋಡುತ್ತಾ ಕೂತದ್ದನ್ನು ಕಂಡು, "ಕುಡೀರಿ ಮೇಷ್ಟ್ರೇ, ನಿಮ್ಮವ್ವಂಗೇನು ನಾನು ಹೇಳಕ್ಕೋಗಲ್ಲ" ಅಂದಿದ್ದಳು. ಕುಡಿದೆ. ಆಮೇಲೆ ದಿನಾ ಕುಡಿದೆ.

ತಿಂಗಳಿಗೊಂದು ಭಾನುವಾರ ಅವರಲ್ಲಿ ಕರ್ತನ ಭೋಜನ. ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ, ಅಷ್ಟೆ. ಆದರೆ ಅವರಿಗೆ ಅದೇ ಎಲ್ಲ. ಅದನ್ನು ಕೊಡುವುದಕ್ಕೆ ಚಾಮರಾಜನಗರದಿಂದ ಅಯ್ಯನವರು ಬರಬೇಕು. ನಮ್ಮಲ್ಲಿ ಅಯ್ಯನವರು ಅಂದರೆ ಜಂಗಮರು, ಅವರಲ್ಲಿ ಪಾದ್ರಿ. ಉಪದೇಶಿಯಾದವನು ಬೋಧನೆ ಮಾಡಬಹುದು, ಪ್ರಾರ್ಥನೆ ನಡೆಸಬಹುದು, ಸತ್ತವರನ್ನು ಮಣ್ಣು ಮಾಡಬಹುದು. ಆದರೆ ಆ ರೊಟ್ಟಿಯನ್ನು ಕೊಡುವ ಹಾಗಿಲ್ಲ. ರೊಟ್ಟಿ ಅಂದರೆ ಪೇಟೆಯ ಮಲೆಯಾಳಿ ಕಾಕನ ಅಂಗಡಿಯ ಬ್ರೆಡ್ಡು. ದ್ರಾಕ್ಷಾರಸ ಅಕ್ಕನದು. ಒಣದ್ರಾಕ್ಷಿ ತೊಳೆದು ನೆನೆಹಾಕಿ, ಕುದಿಸಿ, ಹಿಂಡಿ, ತೆಳುಬಟ್ಟೆಯಲ್ಲಿ ಸೋಸಿ ಸೀಸೆಗೆ ತುಂಬಿಡುತ್ತಿದ್ದಳು. ಆ ದಿನ ನಮ್ಮ ವಠಾರವೆಲ್ಲ ಘಮಘಮ ಅನ್ನುತ್ತಿತ್ತು.

ಹೀಗಿರುವಾಗ ಅವರ ಒಬ್ಬನೇ ಮಗನಿಗೆ ಅಮ್ಮ ಎದ್ದಿತು. ದೊಡ್ಡಮ್ಮ, ಸಿಡುಬು. ಉಪದೇಶಿಗಳು ಮಿಷನ್ನಿನ ಸಭೆಗೆ ಅಂತ ಮೈಸೂರಿಗೆ ಹೋಗಿದ್ದರು. ಹುಡುಗನ ಮೈಮೇಲೆ ಬೆರಳಿಡುವುದಕ್ಕೆ ಜಾಗವಿರಲಿಲ್ಲ, ಕಣ್ಣು ಮುಚ್ಚಿಹೋಗಿತ್ತು. ಅಕ್ಕ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು. ಮಂಡಿಯೂರಿ ಯೇಸುವನ್ನು ಬೇಡಿಕೊಂಡಳು. ಮಗುವಿನ ಉಸಿರು ಇನ್ನೂ ಸಣ್ಣಗಾದಾಗ ಎದ್ದು, ಮೊಸರನ್ನ ಕಲಸಿಕೊಂಡು, ತಲೆ ತುಂಬ ಸೆರಗು ಹೊದ್ದು ಮಾರಿಗುಡಿಗೆ ಹೋಗಿ ಎಡೆಯಿಟ್ಟು ಬಂದಳು. ಅವಳ ತವರಿನಲ್ಲಿ ಅವಳಜ್ಜಿ ಮಾಡುತ್ತಿದ್ದದ್ದು ಅದೇ. ಹುಡುಗ ಉಳಿದ.

ಉಪದೇಶಿಗಳು ಬಂದಾಗ ಅವಳೇ ಹೇಳಿದಳು, ಮುಚ್ಚಿಡಲಿಲ್ಲ. ಅವರು ಮಗನ ತಲೆ ಸವರುತ್ತಾ ಕೂತರು.

ಅವರಲ್ಲಿ ಒಂದು ಪದ್ಧತಿ. ಭೋಜನಕ್ಕೆ ಮೊದಲು ಅಯ್ಯನವರು ಉಪದೇಶಿಯನ್ನು ಪಕ್ಕಕ್ಕೆ ಕರೆದು, "ಸಭೆಯಲ್ಲಿ ಏನಾದರೂ ಉಂಟೋ?" ಅಂತ ಕೇಳುತ್ತಾರೆ. ಸಭೆ ಅಂದರೆ ಅಲ್ಲಿ ಪ್ರಾರ್ಥನೆಗೆ ಸೇರುವ ಜನ. ಯಾರಾದರೂ ವಿಗ್ರಹಕ್ಕೆ ಕೈ ಮುಗಿದರೋ, ಕುಡಿದು ಜಗಳವಾಡಿದರೋ ಉಪದೇಶಿ ಹೇಳಬೇಕು. ಅಂಥವರನ್ನು ಭೋಜನದಿಂದ ಹೊರಗಿಡುತ್ತಾರೆ; ಹಾಗೇ ಸತ್ತರೆ ಸಮಾಧಿಯ ಬೇಲಿಯ ಹೊರಗೆ ಹೂಳುತ್ತಾರೆ. ಸಭೆಯ ಮುಂದೆ ನಿಂತು, ಪಾಪ ಮಾಡಿದೆ ಅಂತ ಒಪ್ಪಿಕೊಂಡರೆ ಮತ್ತೆ ಸೇರಿಸಿಕೊಳ್ಳುತ್ತಾರೆ. ಹಿಂದಿನ ವರ್ಷ ಶಾಲೆಯ ಜವಾನನ ಹೆಂಡತಿ ಇದೇ ಮಾರಿಗುಡಿಗೆ ಹೋದಾಗ ಉಪದೇಶಿಗಳೇ ಹೇಳಿದ್ದರು. ಅವಳು ನಿಂತು ಗಳಗಳ ಅತ್ತು ಒಪ್ಪಿಕೊಂಡು ಆವತ್ತೇ ಒಳಗೆ ಸೇರಿದಳು.

ಈ ಸಲವೂ ಅಯ್ಯನವರು ಕೇಳಿದರು. ಆಗ ಇದ್ದವರು ವಯಸ್ಸಾದವರು, ಬಿಗಿ ಮನುಷ್ಯ. ಉಪದೇಶಿಗಳು, "ಉಂಟು, ನಮ್ಮನೆಯಲ್ಲೇ ಉಂಟು" ಅಂದರು.

"ಹೇಳದಿದ್ರೆ ಏನಾಗ್ತಿತ್ತು? ಯಾರಿಗೆ ಗೊತ್ತಿತ್ತು?" ಅಂತ ನಾನು ಆಮೇಲೆ ರೇಗಿದೆ.

"ಜವಾನನ ಹೆಂಡ್ತಿಗೆ ಗೊತ್ತಾಗ್ತಿತ್ತು ಮೇಷ್ಟ್ರೇ. ಮಾರಿಗುಡಿ ಅವಳ ಮನೆ ಎದುರಿಗೇ ಇರೋದು. ಅವಳ ಮುಖ ನಾನು ನೋಡೋದು ಹ್ಯಾಗೆ?" ಅಂದರು.

ಎಲ್ಲರೂ ಅಂದುಕೊಂಡದ್ದು, ಅಕ್ಕ ನಿಂತು ಒಂದು ಮಾತು ಹೇಳಿಬಿಡುತ್ತಾಳೆ, ಮುಗಿಯುತ್ತದೆ ಅಂತ. ಅವಳು ನಿಲ್ಲಲಿಲ್ಲ. "ತಪ್ಪು ಅನ್ನಿ, ಒಪ್ಕೋತೀನಿ. ಗೊತ್ತಿಲ್ದೆ ಮಾಡ್ಬುಟ್ಟೆ ಅಂತ ಸುಳ್ಳು ಬೇಕಾದ್ರೂ ಹೇಳ್ತೀನಿ. ಪಾಪ ಅನ್ನಲ್ಲ. ಮಗ ಸಾಯ್ತಾ ಇದ್ದ. ಕಂಡ ಬಾಗಿಲೆಲ್ಲ ತಟ್ಟಿದೆ. ಪಾಪ ಅಂದ್ರೆ ಅವನು ಉಳಿದದ್ದೇ ಪಾಪ ಅಂದಂಗಾಯ್ತದೆ" ಅಂದಳು. ಉಪದೇಶಿಗಳು ಬೇಡಿಕೊಂಡರು, ಕೋಪಿಸಿಕೊಂಡರು, ಎರಡು ದಿನ ಊಟ ಬಿಟ್ಟರು. ಅವಳು ಅವರ ತಟ್ಟೆ ಮುಚ್ಚಿಟ್ಟು ತಾನೂ ಊಟ ಬಿಟ್ಟಳು.

ಅವತ್ತಿನಿಂದ ಅಕ್ಕ ಪ್ರಾರ್ಥನೆ ಮನೆಯ ಬಾಗಿಲ ಪಕ್ಕದ ಚಾಪೆಗೆ ಬಂದಳು. ಭೋಜನದ ಭಾನುವಾರ ಎಲ್ಲರೂ ಎದ್ದು ಮುಂದಕ್ಕೆ ಹೋಗಿ ಮಂಡಿಯೂರುವಾಗ ಅವಳೊಬ್ಬಳು ಸೆರಗಿನ ಅಂಚು ಹಿಡಿದುಕೊಂಡು ಕೂತಿರುತ್ತಿದ್ದಳು. ನನಗೆ ತಡೆಯಲಾರದ ಸಂಗತಿ ಇನ್ನೊಂದು. ದ್ರಾಕ್ಷಾರಸ ಮಾಡುವುದನ್ನು ಅವಳು ಬಿಡಲಿಲ್ಲ. ಬೇರೆ ಯಾರಿಗೂ ಅದು ಬರುತ್ತಿರಲಿಲ್ಲ, ಯಾರೂ ಬೇಡ ಅನ್ನಲೂ ಇಲ್ಲ. ತಾನು ಕುಡಿಯುವ ಹಾಗಿಲ್ಲದ್ದನ್ನು ಕುದಿಸಿ, ಸೋಸಿ, ಸೀಸೆಗೆ ತುಂಬಿ ಕಳಿಸುವುದು, ಆಮೇಲೆ ಲೋಟಗಳನ್ನು ತೊಳೆಯುವುದು. ವರ್ಷಗಟ್ಟಲೆ.

ಒಂದು ದಿನ ನಾನು ಕೇಳಿಯೇಬಿಟ್ಟೆ. "ನೀವು ಶಾಸ್ತ್ರದ ಕೆಳಗಿಲ್ಲ ಅಂತೀರಲ್ಲ, ಹಾಗಾದ್ರೆ ಅಕ್ಕ ಯಾತರ ಕೆಳಗೆ ಕೂತವ್ರೆ?"

ನಗುತ್ತಾರೆ ಅಂದುಕೊಂಡಿದ್ದೆ. ಅವರು ಕೊಡೆಯ ತುದಿಯಿಂದ ಮಣ್ಣು ಕೆದಕಿದರು. "ಹಿರಿಯರು ಹೇಳ್ತಾರೆ, ಶಾಸ್ತ್ರ ಬೇರೆ, ಸಭೆಯ ಕ್ರಮ ಬೇರೆ ಅಂತ. ಕ್ರಮ ಇಲ್ದೆ ಇದ್ರೆ ಸಭೆ ನಿಲ್ಲಲ್ಲ ಅಂತ. ಇರಬಹುದು. ನಾನೂ ಹಾಗಂತಲೇ ಹೇಳ್ಕೋತೀನಿ. ಆದ್ರೆ ಬಾಗಿಲ ಕಡೆ ನೋಡ್ಕೊಂಡು ಬೋಧನೆ ಮಾಡಕ್ಕಾಗಲ್ಲ ಮೇಷ್ಟ್ರೇ. ಕಿಟಕಿ ಕಡೆ ನೋಡ್ತೀನಿ" ಅಂದರು.

ಬಿಗಿ ಅಯ್ಯನವರಿಗೆ ವರ್ಗವಾಗಿ ಇನ್ನೊಬ್ಬರು ಬಂದರು, ಚಿಕ್ಕ ವಯಸ್ಸಿನವರು, ನಗುಮುಖ. ಮೊದಲ ಸಲ ಬಂದಾಗಲೇ ಉಪದೇಶಿಗಳು ಕೈಕಟ್ಟಿಕೊಂಡು ನಿಂತು ಹೆಂಡತಿಯ ವಿಷಯ ತಿಳಿಸಿದರು. "ನೋಡೋಣ, ಕಮಿಟಿಯಲ್ಲಿ ಇಡೋಣ" ಅಂದರು ಅವರು. ಕಮಿಟಿ ಸೇರಲಿಲ್ಲ. ಉಪದೇಶಿಗಳು ಎರಡನೆಯ ಸಲ ಕೇಳಲಿಲ್ಲ. ದೊಡ್ಡವರನ್ನು ಎರಡು ಸಲ ಕೇಳಬಾರದು ಅನ್ನುವುದು ಅವರಿಗೆ ಯಾರು ಹಾಕಿಕೊಟ್ಟ ನಿಯಮವೋ.

ಮೈಸೂರು ರಾಜ್ಯ ದೊಡ್ಡದಾದ ವರ್ಷ ಅಕ್ಕನಿಗೆ ಕಾಮಾಲೆ ಬಂತು. ಮೊದಲು ನಾಟಿ ಔಷಧ, ಆಮೇಲೆ ಆಸ್ಪತ್ರೆ. ಹಳದಿ ಇಳಿಯಲಿಲ್ಲ, ಹೊಟ್ಟೆ ಉಬ್ಬಿತು. ಡಾಕ್ಟರು ಉಪದೇಶಿಗಳನ್ನು ವರಾಂಡಕ್ಕೆ ಕರೆದು, ಮನೆಗೆ ಕರೆದುಕೊಂಡು ಹೋಗಿ ಅಂದುಬಿಟ್ಟರು. ಮಗನನ್ನು ಭೀಮನಬೀಡಿಗೆ ಕಳಿಸಿದರು.

ಮನೆಗೆ ಬಂದ ಮಾರನೆಯ ಬೆಳಗ್ಗೆ ಅಕ್ಕ ನಾನು ಕೇಳುತ್ತಿರುವಂತೆಯೇ ಗಂಡನಿಗೆ ಹೇಳಿದಳು. "ನೋಡಿ, ನಂಗೆ ಅದು ಬೇಕು. ಭೋಜನ. ಎದ್ದು ನಿಂತ್ಕಂಡು ಹೇಳೋ ಶಕ್ತಿ ಇಲ್ಲ. ಅವ್ರೇನು ಹೇಳ್ಬೇಕು ಅಂತಾರೋ ಅದನ್ನ ನೀವೇ ಹೇಳ್ಬುಡಿ, ನಾನು ಊ ಅಂತೀನಿ."

ಅಷ್ಟು ವರ್ಷ ಬಗ್ಗದವಳು ಹಾಗೆ ಅಂದದ್ದು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು. ಉಪದೇಶಿಗಳು ನನ್ನ ಮುಖ ನೋಡಿದರು. ಅವಳನ್ನು ಬಿಟ್ಟು ಅವರು ಹೋಗುವ ಹಾಗಿರಲಿಲ್ಲ. ನಾನು ಕೋಟು ಹಾಕಿಕೊಂಡು ಬಸ್ಸಿಗೆ ಓಡಿದೆ. ಕುದೇರಿನ ಲಿಂಗಾಯತರ ಹುಡುಗ ಪಾದ್ರಿಯನ್ನು ಕರೆಯಲು ಚಾಮರಾಜನಗರಕ್ಕೆ ಹೋದದ್ದು ನಮ್ಮವ್ವನಿಗೆ ಇವತ್ತಿಗೂ ಗೊತ್ತಿಲ್ಲ.

ಅಯ್ಯನವರು ಮನೆಯಲ್ಲಿರಲಿಲ್ಲ. ಯಳಂದೂರಿನ ಕಡೆಯ ಹಳ್ಳಿಗಳಿಗೆ ಹೋಗಿದ್ದರು. "ಸಂಜೆಗೆ ಬರ್ತಾರೆ, ನಾಳೆ ಮೊದಲನೇ ಬಸ್ಸಿಗೆ ಕಳಿಸ್ತೀನಿ" ಅಂದರು ಅವರ ಹೆಂಡತಿ, ಒಳ್ಳೆಯ ಹೆಂಗಸು. ಇನ್ನೇನು ಮಾಡಲಿ? ಹಿಂದಿರುಗುವ ಬಸ್ಸು ತೆರಕಣಾಂಬಿಯಲ್ಲಿ ಟೈರು ಕಳಚಿ ನಿಂತಿತು. ಡ್ರೈವರು ಆರಾಮವಾಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಅವನನ್ನು ಬೈದೆ. ಬೈದದ್ದರಿಂದ ಏನೂ ಆಗಲಿಲ್ಲ.

ಇಳಿಹೊತ್ತಿಗೆ ಮನೆ ಸೇರಿದೆ. ಅಕ್ಕನ ಮುಖ ಇನ್ನಷ್ಟು ಹಳದಿಯಾಗಿತ್ತು. ತಲೆದೆಸೆಯಲ್ಲಿ ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ, ಕಾಕನ ಅಂಗಡಿಯ ಬ್ರೆಡ್ಡು ಇಟ್ಟಿದ್ದರು. ಪಕ್ಕದಲ್ಲಿ ದ್ರಾಕ್ಷಾರಸದ ಸೀಸೆ, ಕಾಯಿಲೆ ಬೀಳುವ ಮುಂಚೆ ಅವಳೇ ಮಾಡಿಟ್ಟದ್ದು. ಅಯ್ಯನವರು ಬಂದ ಕೂಡಲೇ ತಡವಾಗಬಾರದು ಅಂತ ಉಪದೇಶಿಗಳು ಎಲ್ಲ ಅಣಿ ಮಾಡಿಕೊಂಡು ಬಾಗಿಲು ನೋಡುತ್ತಾ ಕೂತಿದ್ದರು. ನಾನೊಬ್ಬನೇ ಬಂದೆ.

ವಿಷಯ ಹೇಳಿದೆ. ಅಕ್ಕ ನಿಧಾನವಾಗಿ ಮುಖ ತಿರುಗಿಸಿ, "ನೀವೇ ಕೊಡಿ" ಅಂದಳು ಗಂಡನಿಗೆ.

"ನಂಗೆ ಅಧಿಕಾರ ಇಲ್ಲ ಕಣೇ."

"ಕೊಡಿ ಮೇಷ್ಟ್ರೇ" ಅಂದೆ ನಾನು. "ಕೈ ಚಾಚಿದ್ರೆ ಎಟುಕುತ್ತೆ. ಬ್ರೆಡ್ಡು ಇದೆ, ರಸ ಇದೆ, ಅವ್ರು ಕೇಳ್ತಾವ್ರೆ. ಇನ್ನೇನು ಬೇಕು ನಿಮಗೆ?"

ಅವರ ಕೈ ನಿಜವಾಗಿ ಸ್ಟೂಲಿನವರೆಗೆ ಹೋಯಿತು. ಬ್ರೆಡ್ಡಿನ ಅಂಚು ಮುಟ್ಟಿತು. ಅಲ್ಲೇ ನಿಂತಿತು. "ನಾನು ಕೊಟ್ರೆ ಇದು ಬರೀ ಬ್ರೆಡ್ಡು ಮೇಷ್ಟ್ರೇ" ಅಂದರು. "ಅವಳು ಕೇಳ್ತಿರೋದು ಬ್ರೆಡ್ಡಲ್ಲ. ಸಾಯೋಳಿಗೆ ಮೋಸ ಮಾಡ್ದಂಗಾಗುತ್ತೆ."

ಅವರು ಸುಮ್ಮನೆ ಹೆದರಿ ಹಾಗೆ ಅಂದಿದ್ದರೆ ನಾನು ಜಗಳವಾಡುತ್ತಿದ್ದೆ. ಮನಸಾರೆ ನಂಬಿ ಅಂದರು. ನಂಬಿದವರ ಜೊತೆ ಹೇಗೆ ಜಗಳವಾಡುವುದು?

ಅಕ್ಕನಿಗೇ ಅವರ ಮೇಲೆ ಕನಿಕರ ಬಂತು ಅಂತ ಕಾಣುತ್ತದೆ. "ಓಗ್ಲಿ ಬುಡಿ. ನಾಳೆ ಬತ್ತಾರಲ್ಲ, ಕಾಯ್ತೀನಿ" ಅಂದಳು.

ಬೆಳಕು ಹರಿದ ಸ್ವಲ್ಪ ಹೊತ್ತಿಗೆಲ್ಲ ಹೋಗಿಬಿಟ್ಟಳು. ಕೊನೆಯವರೆಗೂ ಅವರು ಅವಳ ಪಾದ ಒತ್ತುತ್ತಾ ಪ್ರಾರ್ಥನೆ ಹೇಳುತ್ತಿದ್ದರು. ಪ್ರಾರ್ಥನೆ ಹೇಳುವುದಕ್ಕೆ ಅವರಿಗೆ ಅಧಿಕಾರವಿತ್ತು.

ಮೊದಲನೇ ಬಸ್ಸಿಗೆ ಅಯ್ಯನವರು ಬಂದರು, ಕೈಯಲ್ಲಿ ಸಣ್ಣ ಕಪ್ಪು ಪೆಟ್ಟಿಗೆ. ಬಾಗಿಲಲ್ಲಿ ಸೇರಿದ್ದ ಹೆಂಗಸರನ್ನು ಕಂಡೇ ಅವರಿಗೆ ತಿಳಿಯಿತು. ಒಳಗೆ ಬಂದು ಅಕ್ಕನ ಹಣೆ ಮುಟ್ಟಿ ಪ್ರಾರ್ಥನೆ ಮಾಡಿದರು. ಸ್ಟೂಲಿನ ಮೇಲಿದ್ದ ಬ್ರೆಡ್ಡು, ಸೀಸೆ ನೋಡಿದರು. ಏನು ನಡೆದಿದೆ ಅಂತ ಅರ್ಥವಾಗಿ ಉಪದೇಶಿಗಳ ಹೆಗಲ ಮೇಲೆ ಕೈಯಿಟ್ಟು, "ಇಂಥ ಹೊತ್ತಿನಲ್ಲಿ ನೀವೇ ಕೊಟ್ಟುಬಿಡಬಹುದಿತ್ತು ಉಪದೇಶಿಗಳೇ. ನಾನೇನು ಕೇಳ್ತಿದ್ದೆನೇ? ಆ ತಪ್ಪೊಪ್ಪಿಗೆ ಗಿಪ್ಪೊಪ್ಪಿಗೆ ಎಲ್ಲಾನೂ ನಾನು ಎಂದೋ ಬಿಟ್ಟುಬಿಟ್ಟಿದ್ದೆ" ಅಂದರು. ಸಮಾಧಾನಕ್ಕೆ ಅಂತಲೇ ಅಂದದ್ದು, ಕೆಟ್ಟ ಮನುಷ್ಯನಲ್ಲ. ಅವರ ಕೊರಳಪಟ್ಟಿ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು ನನಗೆ.

ಉಪದೇಶಿಗಳು ತಲೆಯೆತ್ತಿ ಅವರನ್ನೇ ನೋಡಿದರು. "ನಿಮ್ಮಪ್ಪಣೆ ಇತ್ತೇ?"

"ಇತ್ತು ಅಂತಲೇ ತಿಳ್ಕೊಳ್ಳಿ."

"ಇತ್ತು" ಅಂದರು ಉಪದೇಶಿಗಳು, ಕಲಿಯುವ ಹುಡುಗ ಪಾಠ ಒಪ್ಪಿಸುವಂತೆ. "ನೀವು ಬರೋಕೆ ಮುಂಚಿನಿಂದ ಇತ್ತು. ಇಷ್ಟು ವರ್ಷ ಕೃಪೆ ಕೃಪೆ ಅಂತ ನಾನೇ ನಿಂತ್ಕೊಂಡು ಊರಿಗೆಲ್ಲ ಹೇಳಿದೆ. ನನಗೂ ಸೇರಿಸಿ ಹೇಳಿದ್ದು ಅಂತ ತಿಳೀಲಿಲ್ಲ."

ಉಪದೇಶಿಗಳು ಬಿಳಿ ಬಟ್ಟೆಯನ್ನು ಬ್ರೆಡ್ಡಿನ ಮೇಲೆ ಮಡಿಸಿ ಮುಚ್ಚಿದರು. ಕೋಟಿನ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡರು. ಆಮೇಲೆ ಅಯ್ಯನವರ ಮುಂದೆ ಕೈಕಟ್ಟಿ ನಿಂತು, ಇವಳನ್ನು ಸಮಾಧಿಯ ಬೇಲಿಯ ಒಳಗೆ ಹೂಳಬಹುದೋ, ಇಲ್ಲ ಹೊರಗೋ ಅಂತ ಕೇಳಿದರು.